ಎಣ್ಣೆ ಹಚ್ಚಿ ಬಾಚಿದ ತಲೆಗಳು

ಎಂ.ಕೆ. ಹುಬ್ಬಳ್ಳಿಯಲ್ಲಿ ಕೆಂಪವ್ವನ ಛಪ್ಪರ ಎಂದರೆ ಕಬ್ಬು ಕಡಿಯುವ ಗ್ಯಾಂಗಿನವರಿಗೆಲ್ಲ ಗೊತ್ತು. ಬೆಳಿಗ್ಗೆ ಕುಡುಗೋಲು ಹಿಡಿದು ಹೊರಟ ತಾಯಂದಿರು ಕೂಸುಗಳನ್ನು ಅಲ್ಲಿ ಬಿಟ್ಟು ಹೋಗುತ್ತಾರೆ. ಅರವತ್ತರ ಹತ್ತಿರದ ಕೆಂಪವ್ವನೂ ಒಂದು ಕಾಲಕ್ಕೆ ಹಾಗೆಯೇ ಹೊರಟವಳು. ಆಗ ಛಪ್ಪರ ಇರಲಿಲ್ಲ. ಗದ್ದೆಯಲ್ಲಿ ಕಬ್ಬಿನ ಒಣ ಗರಿಯ ರವದಿಯ ಮೇಲೆ ಮಲಗಿಸಿದ್ದ ಮಗಳು, ಹಿಂದೆ ಸರಿದ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ತೀರಿಕೊಂಡಳು. ಆ ಮಾತನ್ನು ಅವಳು ಹೊರಗಿನವರ ಮುಂದೆ ಎತ್ತುವುದಿಲ್ಲ. ಎತ್ತಿದ್ದರೆ ಛಪ್ಪರಕ್ಕೆ ಅನುದಾನ ಎಂದೋ ಸಿಗುತ್ತಿತ್ತೇನೋ!

ಈ ಸಲ ಹಂಗಾಮಿನ ನಡುವೆಯೇ ಅಕ್ಕಿ, ಹಾಲು ತೀರುವ ಹೊತ್ತು ಬಂತು. ಊರವರು ಕೊಡುವಷ್ಟು ಕೊಟ್ಟಾಗಿತ್ತು. ಛಪ್ಪರ ಮುಚ್ಚಿದರೆ ಇಪ್ಪತ್ತೆರಡು ಕೂಸುಗಳು ಮತ್ತೆ ರವದಿಯ ಮೇಲೆ. ಶಾಲೆಯಲ್ಲಿ ಕಲಿಸುವ ರಂಜನಾ ಅಕ್ಕಾರು ಕೂತು ಅನುದಾನ ಕೇಳಿ ಒಂಬತ್ತು ಕಡೆ ಅರ್ಜಿ ಬರೆದರು. ಒಬ್ಬರು, ಮೂರು ವರ್ಷ ಅವೇ ಮಕ್ಕಳಿರಬೇಕು ಎಂದರು. ಹಂಗಾಮು ಮುಗಿಯುತ್ತಲೇ ಗಂಟುಮೂಟೆ ಕಟ್ಟುವವರ ಮಕ್ಕಳು! ಇನ್ನೊಬ್ಬರಿಗೆ ಜಾಗದ ಹಕ್ಕಿನ ಕಾಗದ, ಉತಾರ ಬೇಕಂತೆ. ಕೊನೆಗೆ ಒಂದು ಸಂಸ್ಥೆ ನೋಡಲು ಬರುತ್ತೇವೆ ಎಂದಿತು.

ಬೀಗರು ಬರುತ್ತಾರೆಂದರೆ ಮನೆ ಸಾರಿಸದ ಹೆಂಗಸು ಈ ಸೀಮೆಯಲ್ಲಿಲ್ಲ. ಕೆಂಪವ್ವ ನೆಲ ಸಾರಿಸಿದಳು. ಓಣಿಯ ಮನೆಮನೆ ತಿರುಗಿ ಮಕ್ಕಳ ಹಬ್ಬದ ಬಟ್ಟೆ-ಅರಿವಿ ಕಡ ತಂದಳು. ಅಷ್ಟೂ ಕೂಸುಗಳಿಗೆ ಎರೆದು, ಎಣ್ಣೆ ಹಚ್ಚಿ ಬಾಚಿ, ಕಾಡಿಗೆ ಇಟ್ಟಳು. ಅಕ್ಕಾರು ಮೊಬೈಲಿನಲ್ಲಿ ಫೋಟೊ ತೆಗೆದರು.

ಸಂಸ್ಥೆಯ ಸಂದೀಪ ಕಾರಿನಿಂದ ಇಳಿದು ನೋಡಿದ. ಮುಖ ಸಪ್ಪಗಾಯಿತು.

"ಏನಮ್ಮ, ಇವರು ಬಡ ಮಕ್ಕಳ ಥರಾ ಕಾಣ್ತಾನೇ ಇಲ್ಲವಲ್ಲ?"

"ನೀವು ಬರ್ತೀರಂತ ಅರಿವಿ ಇಸ್ಗೊಂಡ ಬಂದೇನ್ರಿ, ಸಾಹೇಬ್ರ."

"ಹಾಗಾದರೆ ಬಿಚ್ಚಿಸಿ. ದಿನಾ ಹಾಕೋದನ್ನೇ ಹಾಕಿ, ಮಣ್ಣಲ್ಲಿ ಕೂರಿಸಿ. ಫೋಟೊ ನೋಡಿದರೆ ಮೇಲಿನವರಿಗೆ ಕರುಳು ಚುರುಕ್ ಅನ್ನಬೇಕು. ನಿಮ್ಮ ಒಳ್ಳೆಯದಕ್ಕೇ ಹೇಳ್ತಿರೋದು."

ಒಳ್ಳೆಯದಂತೆ! ಹಸಿದ ಹೊಟ್ಟೆಗೂ ಇವರಿಗೆ ವೇಷ ಬೇಕು. ಅಕ್ಕಾರು ಕಣ್ಣಲ್ಲೇ ಒಪ್ಪಿಕೋ ಎಂದರು. ಇಪ್ಪತ್ತೆರಡು ಹೊಟ್ಟೆಗಳನ್ನು ನೆನೆದು ಕೆಂಪವ್ವ ಹತ್ತಿರದ ಕೂಸಿನ ಅಂಗಿಯ ಗುಂಡಿಗೆ ಕೈ ಹಾಕಿಯೂ ಬಿಟ್ಟಳು. ಹೊಸ ಅಂಗಿಯನ್ನೇ ಕಂಡಿರದ ಆ ಕೂಸು ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡಿತು.

ಕೆಂಪವ್ವನ ಪಿತ್ತ ನೆತ್ತಿಗೇರಿತು.

"ಸಾಹೇಬ್ರ, ನಿಮ್ಮ ಮಕ್ಕಳ ಫೋಟೊ ತೆಗಿಯೂ ಮುಂದ ಮಾರಿ ತೊಳಿತೀರೋ, ಕೆಸರ ಬಡಿತೀರೋ? ಚಾ ಕುಡದು ಹೋಗ್ರಿ. ಅರಿವಿ ಬಿಚ್ಚಸೂದಿಲ್ಲ."

ಅವನು ಚಹಾ ಕುಡಿಯಲಿಲ್ಲ. 'ಅಗತ್ಯ ಕಂಡುಬಂದಿಲ್ಲ' ಎಂಬ ಪತ್ರ ವಾರದಲ್ಲೇ ಬಂತು. ಅನುದಾನ ಕೊಡಲು ತಿಂಗಳುಗಟ್ಟಲೆ ಬೇಕು, ಇಲ್ಲ ಎನ್ನಲು ವಾರ ಸಾಕು. ಸಂಕ್ರಾಂತಿಗೆ ಹಾಲು ನಿಂತಿತು. ಈಗ ಜೋಳದ ಗಂಜಿಯಲ್ಲಿ ಛಪ್ಪರ ನಡೆದಿದೆ. ಹತ್ತನೆಯ ಅರ್ಜಿಗೂ ಫೋಟೊ ಕೇಳಿದ್ದಾರೆ.

"ಯಾವ ಫೋಟೊ ಹಚ್ಚಲಿ, ಕೆಂಪವ್ವಾ?" ಎಂದು ಅಕ್ಕಾರು ಅಳುಕುತ್ತ ಕೇಳಿದರು.

"ಎಣ್ಣಿ ಹಚ್ಚಿ ಬಾಚಿದ್ದ ಹಚ್ಚರಿ," ಎಂದಳು ಕೆಂಪವ್ವ. "ನನ್ನ ಮಗಳದು ಒಂದೂ ಫೋಟೊ ಇಲ್ಲರಿ. ಇವರದಾದ್ರೂ ಚೆಂದ ಇರ್ಲಿ."