ಬೂದನ ಕೊರಳಿನ ಮುಳ್ಳುಪಟ್ಟಿ

ನೆಂದ ನಾಯಿಯ ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ. ಆದರೂ ಮೊನ್ನೆ ಸೋಮವಾರ ಸಂಜೆ, ಚಳ್ಳಕೆರೆಯ ನನ್ನ ಬಾಡಿಗೆ ಕೋಣೆಯ ಹೊಸ್ತಿಲಿಗೆ ಮಳೆಗೆ ಸಿಕ್ಕ ಬೀದಿನಾಯಿಯೊಂದು ಬಂದು ಮೈ ಕೊಡವಿದಾಗ, ನಾನು ಓಡಿಸಲಿಲ್ಲ. ಬಗ್ಗಿ ಅದರ ಕೊರಳ ಸುತ್ತ ಬೆರಳಾಡಿಸಿದೆ. ಏನೂ ಇರಲಿಲ್ಲ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿದೆ. ಅವತ್ತು ನಿದ್ದೆ ಸರಿಯಾಗಿ ಹತ್ತಲಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ನಾಯಿ ಇದ್ದಿದ್ದರೆ, ಹೀಗೆ ಎದ್ದೆದ್ದು ನೋಡುವ ಚಡಪಡಿಕೆ ನಿಮಗೂ ಗೊತ್ತಿರುತ್ತದೆ.

ನಮ್ಮ ನಾಯಿಯ ಹೆಸರು ಬೂದ. ಕೊಂಡ್ಲಹಳ್ಳಿ ಕಡೆಯ ನಮ್ಮ ಹಟ್ಟಿಯಲ್ಲಿ ನಾನು, ಅವ್ವ, ಅವ್ವನ ತಮ್ಮ ಓಬಣ್ಣ ಮಾವ ಇದ್ದೆವು. ಮನೆಗೆ ಅಂಟಿಕೊಂಡಂತೆ ಮುಳ್ಳುಬೇಲಿಯ ಕುರಿರೊಪ್ಪ, ಅದರಲ್ಲಿ ಅರವತ್ತೆರಡು ಕುರಿ. ಈಗ ಆ ಮನೆಯೂ ಇಲ್ಲ, ರೊಪ್ಪವೂ ಇಲ್ಲ. ಉಣ್ಣೆ, ಹಿಕ್ಕೆ, ಸೌದೆಹೊಗೆ ಬೆರೆತ ಆ ಗಾಳಿ ಮಾತ್ರ ಕಣ್ಣು ಮುಚ್ಚಿದರೆ ಸಿಗುತ್ತದೆ. ಕತ್ತಲಾದ ಮೇಲೆ ಗುಡ್ಡದಿಂದ ತೋಳ ಇಳಿಯುತ್ತಿದ್ದವು. ತೋಳ ಮೊದಲು ಹಿಡಿಯುವುದು ನಾಯಿಯ ಕೊರಳನ್ನೇ. ಅದಕ್ಕೆ ಬೂದನ ಕೊರಳಿಗೆ ಸಂಜೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟಿ ಬೆಳಿಗ್ಗೆ ಬಿಚ್ಚಬೇಕಿತ್ತು. ಆ ಕೆಲಸ ನನ್ನದು. ಆರನೇ ಕ್ಲಾಸಿನಲ್ಲಿದ್ದ ನಾನು ಅದಕ್ಕೊಂದು ನೋಟುಬುಕ್ಕು ಇಟ್ಟಿದ್ದೆ. ಕಟ್ಟಿದ್ದಕ್ಕೆ ಒಂದು ಗೀಟು, ಬಿಚ್ಚಿದ್ದಕ್ಕೆ ಒಂದು ಗೀಟು. ಮಾವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಗೀಟು ಎಣಿಸುತ್ತಿದ್ದ. “ನಮ್ಮ ಪಾಪ ಬರ್ದೈತೆ ಅಂದ್ರೆ ಮುಗೀತು ಬಿಡು” ಎಂದು ಎಲ್ಲರೆದುರು ಹೇಳುತ್ತಿದ್ದ.

ಆ ವರ್ಷ ನಮ್ಮ ಕೆರೆ ತುಂಬಿತು. ನಾನು ಹುಟ್ಟಿದ ಮೇಲೆ ತುಂಬಿದ್ದು ಅದೇ ಮೊದಲು. ಹಟ್ಟಿಯಲ್ಲಿ ಈಜು ಬರುವವರು ಒಬ್ಬರೂ ಇರಲಿಲ್ಲ. ಈಜು ಕಲಿಯಲು ನೀರಾದರೂ ಎಲ್ಲಿತ್ತು? ಆಂಧ್ರದ ಗಡಿಯಿಂದ ಈರನ್ನ ಎಂಬ ಮೀನುಗಾರ ತನ್ನ ಗುಂಡನೆಯ ತೆಪ್ಪ ತಲೆಯ ಮೇಲೆ ಹೊತ್ತು ಬಂದ. ಕೆರೆಯ ನಡುವೆ ಬಲೆ ಬಿಟ್ಟು, ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಬೆಂಡು ಮಾಡಿ ತೇಲಿಸಿದ. ನೀರು ಬಂದ ಸಂಭ್ರಮಕ್ಕೆ ಮಾವ, ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಈ ಸಲ ಕೆರೆಯಲ್ಲೇ ತೊಳೆಯೋಣ ಎಂದ. ಹಿಂದಿನವರು ಹಾಗೆಯೇ ತೊಳೆಯುತ್ತಿದ್ದರಂತೆ.

ಅದೊಂದು ಭಾನುವಾರ. ಹೊರಡುವ ಗಡಿಬಿಡಿಯಲ್ಲಿ ನಾನು ಒಲೆಯ ಮುಂದೆ ಕೂತೇ ಪಟ್ಟಿ ಬಿಚ್ಚಿದ ಗೀಟು ಎಳೆದುಬಿಟ್ಟೆ, ಹೋಗುತ್ತಾ ಬಿಚ್ಚಿದರಾಯಿತು ಎಂದು. ಕೆರೆಯ ಹತ್ತಿರ ಮಾವ ಕೇಳಿದ, “ಪಟ್ಟಿ ಬಿಚ್ಚಿದೆಯೇನೇ?” ನಾನು ನಾಯಿಯನ್ನು ನೋಡಲಿಲ್ಲ, ಕುರಿ ಎಣಿಸಲು ತಂದಿದ್ದ ಅದೇ ಪುಸ್ತಕ ನೋಡಿದೆ. “ಹೂಂ ಮಾವ” ಎಂದೆ. ಬೂದನ ಕೊರಳ ಕೂದಲು ಚಳಿಗಾಲಕ್ಕೆ ಜೊಂಪೆಯಾಗಿ ಬೆಳೆದು ಪಟ್ಟಿಯನ್ನು ಮುಚ್ಚಿತ್ತು.

ಮಾವ ಸೊಂಟದ ನೀರಿನಲ್ಲಿ ನಿಂತು ಒಂದೊಂದೇ ಕುರಿಯನ್ನು ಉಜ್ಜಿ ಬಿಡುತ್ತಿದ್ದ, ಅವ್ವ ದಡಕ್ಕೆ ಎಳೆಯುತ್ತಿದ್ದಳು, ನಾನು ಎಣಿಸುತ್ತಿದ್ದೆ. ಇಪ್ಪತ್ತೇಳನೆಯದು ಕೈತಪ್ಪಿ ನಡುನೀರಿನತ್ತ ತಿರುಗಿತು. ಬೂದ ಹಾರಿದ. ಕುರಿಯನ್ನು ಸುತ್ತು ಹಾಕಿ ದಡದ ಕಡೆ ತಿರುಗಿಸಿದ. ಅದು ಬಂದುಬಿಟ್ಟಿತು, ಅವನು ಬರಲಿಲ್ಲ. ಬಾಟಲಿಗಳ ಸಾಲಿನ ಬಳಿ ಅವನ ತಲೆ ಮುಳುಗಿ ಎದ್ದಿತು, ಮತ್ತೆ ಮುಳುಗಿತು. ಮೂರನೆಯ ಸಲ ಮೂಗಷ್ಟೇ ಕಾಣಿಸಿತು. ಪಟ್ಟಿಯ ಮುಳ್ಳುಗಳು ಬಲೆಗೆ ಸಿಕ್ಕಿಕೊಂಡಿದ್ದವು. ಮಾವ ನೀರು ಕೊರಳಿಗೆ ಬಂದರೂ ಮುಂದೆ ಹೋಗುತ್ತಿದ್ದ. ಅವ್ವ ದಡದಿಂದ ಅವನ ಹೆಸರು ಹಿಡಿದು ಚೀರುತ್ತಿದ್ದಳು. ತೆಪ್ಪವನ್ನು ಬುಗುರಿಯಂತೆ ತಿರುಗಿಸುತ್ತಾ ಬಂದ ಈರನ್ನ ಬೈದ: “ಅಲ್ಲೇ ನಿಲ್ಲೋ ಓಬಣ್ಣಾ! ನಾಯಿ ತೆಗೀಲಾ, ನಿನ್ನ ತೆಗೀಲಾ? ನನಗಿರೋದು ಎರಡೇ ಕೈ!”

ಅವನು ನಾಯಿಯನ್ನು ಎಳೆಯಲಿಲ್ಲ. ಮೊದಲು ಕೊರಳ ಕೆಳಗೆ ಕೈಯಿಟ್ಟು ಮೂಗನ್ನು ನೀರಿನ ಮೇಲೆ ಹಿಡಿದ. ಇನ್ನೊಂದು ಕೈಯಲ್ಲಿ ಕುಡುಗೋಲು ತೆಗೆದು ತನ್ನ ಬಲೆಯನ್ನು ತಾನೇ ಕುಯ್ದ. ಆಮೇಲೆ ಬೆನ್ನಿನ ಸಡಿಲ ಚರ್ಮ ಹಿಡಿದು ಮೇಲೆತ್ತಿ, ತೆಪ್ಪ ವಾಲದಂತೆ ತಾನು ಎದುರು ಅಂಚಿಗೆ ಒರಗಿದ. ದಡದಲ್ಲಿ ಬೂದನ ತಲೆ ತಗ್ಗಿಸಿ ಮಲಗಿಸಿದಾಗ ಬಾಯಿಂದ ನೀರು ಸುರಿಯಿತು. ಬಹಳ ಹೊತ್ತಿನ ಮೇಲೆ ಕೆಮ್ಮಿದ. ಈರನ್ನ ಪಟ್ಟಿ ಬಿಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. “ಅಯ್ಯೋ ದೇವುಡಾ, ನಿಮ್ಮ ಕೆರೆಯಾಗೆ ತೋಳ ಈಜ್ತಾವೇನಪ್ಪಾ?” ಚೀರಾಟ ಕೇಳಿ ಸುತ್ತ ನೆರೆದಿದ್ದ ಹಟ್ಟಿಯವರು ನಕ್ಕರು. ಮಾವ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. “ನಾನೇ ಮರ್ತೆ ಕಣಣ್ಣ” ಎಂದ. ನಾನು ಪುಸ್ತಕವನ್ನು ಲಂಗದ ಹಿಂದೆ ಬಚ್ಚಿಟ್ಟುಕೊಂಡೆ. ಬಾಯಿ ಬಿಡಲಿಲ್ಲ. ಅವತ್ತೂ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ.

ಅಂದಿನಿಂದ ಮಾವ ಸಂಜೆ ಹೊತ್ತು ಈರನ್ನನ ಬಳಿ ಕೂತು ಕಲಿಯತೊಡಗಿದ. ನೀರಿಗಿಳಿಯುವ ನಾಯಿಗೆ ಕೊರಳಲ್ಲಿ ದಾರವೂ ಇರಬಾರದು. ಬಲೆ ಇರುವ ಕಡೆ ಬಿಡಬಾರದು. ಏರಿಯ ಕಲ್ಲಿನಿಂದ ತಳ್ಳಬಾರದು, ಇಳಿಜಾರಿನಲ್ಲಿ ತಾನಾಗಿ ಇಳಿಯಲಿ. ಹತ್ತಿ ಬರುವ ದಾರಿ ಅದಕ್ಕೂ ಗೊತ್ತಿರಬೇಕು. ತೆಪ್ಪದಲ್ಲಾದರೆ ಉಗುರು ಜಾರದಂತೆ ಒದ್ದೆ ಗೋಣಿ ಹಾಸಿ ನಡುವೆ ಕೂರಿಸಬೇಕು. “ಕಟ್ಟಬ್ಯಾಡ. ತೆಪ್ಪ ಮಗುಚಿದ್ರೆ ಕಟ್ಟಿದ್ದು ಮುಳುಗ್ತದೆ, ಬಿಟ್ಟಿದ್ದು ಬದುಕ್ತದೆ” ಎಂದು ಈರನ್ನ ಪ್ರತಿಸಲವೂ ಹೇಳುತ್ತಿದ್ದ. ನಾನು ಎಲ್ಲ ಬರೆದುಕೊಂಡೆ. ಬೂದ ಮಾತ್ರ ಮತ್ತೆಂದೂ ಹೊಟ್ಟೆ ತಾಗುವ ನೀರಿಗಿಂತ ಮುಂದೆ ಹೋಗಲಿಲ್ಲ.

ಮರುವರ್ಷ ಕುರಿ ಮೇಯುವ ಜಾಗಕ್ಕೆಲ್ಲ ಯಾವುದೋ ಕಂಪನಿಯ ತಂತಿಬೇಲಿ ಬಿತ್ತು. ಮಾವ ಅದೇ ಬೇಲಿಯ ಕಾವಲು ಕೆಲಸಕ್ಕೆ ಸೇರಿದ. ಕುರಿಗಳು ಆಚೆ ದಡದ ಹಟ್ಟಿಯ ಬೀಗರಿಗೆ ಹೋದವು. ಕುರಿ ಹೋದ ಕಡೆ ನಾಯಿಯೂ ಹೋಗಬೇಕು, ನಮ್ಮಲ್ಲಿ ಹಾಗೆಯೇ. ಆದರೆ ಏರಿಯ ದಾರಿಯಲ್ಲಿ ಎರಡು ಸಲ ನಡೆಸಿಕೊಂಡು ಹೋದರೂ ಬೂದ ಎರಡು ಸಲವೂ ಬೆಳಗಾಗುವುದರೊಳಗೆ ನಮ್ಮ ಬಾಗಿಲಲ್ಲಿದ್ದ. “ನೀರ ಮೇಲೆ ಕರ್ಕೊಂಡು ಹೋಗು. ದಾರಿ ಮೂಸೋಕೆ ಆಗಲ್ಲ” ಎಂದ ಈರನ್ನ. ಅವ್ವ “ಇಲ್ಲೇ ಇರ್ಲಿ ಬಿಡೋ” ಎಂದಳು. ಮಾವ ಖಾಲಿ ರೊಪ್ಪದ ಕಡೆ ನೋಡಿ, “ಇಲ್ಲಿ ಯಾರನ್ನ ಕಾಯ್ತಾನಕ್ಕಾ?” ಎಂದ.

ಗೋಣಿ ನೆನೆಸಿ ಹಾಸಿದ್ದು ನಾನೇ. ಕೊರಳನ್ನು ಮೂರು ಸಲ ತಡವಿ ನೋಡಿದೆ. ಬೂದ ನಡುಗುತ್ತಿದ್ದ, ಆದರೆ ಮಾವ ಕರೆದನೆಂದು ತೆಪ್ಪ ಹತ್ತಿದ. ಕಟ್ಟಿರಲಿಲ್ಲ. ಹಾರು ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಹಾರಿದರೆ ಆಳ ಎಂಬುದೂ ನನಗೆ ಗೊತ್ತಿತ್ತು. ಈರನ್ನನ ಹುಟ್ಟು ನೀರಿಗೆ ಬಿದ್ದದ್ದನ್ನು ನೂರಹದಿನಾಲ್ಕರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಬೂದ ಹಾರಲಿಲ್ಲ.

ಮಧ್ಯಾಹ್ನ ತೆಪ್ಪ ವಾಪಸು ಬಂತು. ಅದರಲ್ಲಿದ್ದವರು ಇಬ್ಬರೇ, ಜಾಗ ಬೇಕಾದಷ್ಟಿತ್ತು. ಆದರೂ ಮಾವ ಅಂಚಿಗೆ ಒತ್ತಿಕೊಂಡು ಕೂತಿದ್ದ. ನಡುವಿನ ಗೋಣಿಯ ಮೇಲೆ ಕಾಲು ಕೂಡ ಇಟ್ಟಿರಲಿಲ್ಲ.