ಹನ್ನೆರಡು ಸಾವಿರ ಕಿಲೋಮೀಟರ್ ಉಬ್ಬಿದ ಹಿಟ್ಟು

ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಬೇಕರಿ ನಡೆಸುವವರು. ವಾಚು ಕಟ್ಟುವುದು ಬರೀ ಶೋಕಿಗೆ. ಹೊತ್ತು ತಿಳಿಯುವುದು ಹಿಟ್ಟು ಉಬ್ಬಿದ್ದು ನೋಡಿಯೇ. ತಮ್ಮ ಮದುವೆಗೂ ಮೊಣಕೈಗೆ ಮೈದಾ ಮೆತ್ತಿಕೊಂಡು ಬಂದ ಆಸಾಮಿ.

ನಾವಿರುವುದು ಅವರಿಂದ ಹನ್ನೆರಡು ಸಾವಿರ ಕಿಲೋಮೀಟರ್ ದೂರ. ಇಲ್ಲಿ ನನ್ನವಳೂ ಬೇಕರಿ ತೆರೆಯಲು ಹೊರಟಳು. ಓವನ್ ಬಂತು, ಬೋರ್ಡು ಬಂತು, ಭಾನುವಾರ ಬನ್ನಿ ಎಂದು ಬೀದಿಗೆಲ್ಲ ಹೇಳಿದ್ದೂ ಆಯಿತು. ಆದರೆ ಅಮ್ಮನ ಹುಳಿಹಿಟ್ಟು ಬರದೆ ಬಾಗಿಲು ತೆಗೆಯುವುದಿಲ್ಲ ಎಂದು ಒಂದೇ ಹಠ. ಬ್ರೆಡ್ ಉಬ್ಬಿಸಲು ಮೊಸರಿನ ಹೆಪ್ಪಿನ ಹಾಗೆ ದಿನವೂ ಚೂರು ಉಳಿಸಿಕೊಂಡು ನಮ್ಮತ್ತೆ ಕೊನೆಯವರೆಗೂ ಸಾಕಿದ ಹಿಟ್ಟು ಅದು. ಈಗ ಇದ್ದದ್ದು ಭಾವನ ಬಳಿ ಮಾತ್ರ.

"ನಾನೇ ತರ್ತೀನಿ ಪುಟ್ಟಿ" ಎಂದರು ಭಾವ. ಟಿಕೆಟ್ಟಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಹೊರಟು ಸಂಜೆ ಆರಕ್ಕೆ ಇಳಿಯುವುದೆಂದಿತ್ತು. ಎಂಟು ಗಂಟೆಯ ಪ್ರಯಾಣವೆಂದು ಎಣಿಸಿ, ಇಳಿಯುವ ಹೊತ್ತಿಗೆ ಸರಿಯಾಗಿ ಉಬ್ಬುವಂತೆ, ಇದ್ದ ಹುಳಿಹಿಟ್ಟನ್ನೆಲ್ಲ ಸೇರಿಸಿ ಕಲಸಿ, ಸ್ಟೀಲ್ ಡಬ್ಬಿಗೆ ತುಂಬಿಕೊಂಡು ವಿಮಾನ ಹತ್ತಿದರು. ಎರಡು ಊರಿನ ಗಡಿಯಾರ ಬೇರೆ ಬೇರೆ ಎನ್ನುವುದು ಪುಣ್ಯಾತ್ಮರಿಗೆ ಹೊಳೆಯಲೇ ಇಲ್ಲ.

ಹಿಟ್ಟು ಕೊಟ್ಟ ಮಾತಿಗೆ ತಪ್ಪಲಿಲ್ಲ. ಎಂಟನೇ ಗಂಟೆಗೆ ತಲೆಯ ಮೇಲಿನ ಖಾನೆಯಲ್ಲಿ ಮುಚ್ಚಳ ಟಪ್ಪೆಂದು ಹಾರಿತು. ಭಾವ ಗಗನಸಖಿಯನ್ನು ಕರೆದರು.

"ಊರು ಬಂತು, ಇಳಿಸಮ್ಮ."

"ಇನ್ನೂ ಆರು ಗಂಟೆ ಇದೆ ಸರ್. ಒಟ್ಟು ಹದಿನಾಲ್ಕು ಗಂಟೆ ಪ್ರಯಾಣ. ಕೆಳಗಿರೋದು ಸಮುದ್ರ."

"ನನ್ನ ಹಿಟ್ಟು ಸುಳ್ಳು ಹೇಳಲ್ಲಮ್ಮ!"

ಅಷ್ಟರಲ್ಲಿ ಹಿಟ್ಟು ಪಕ್ಕದವರ ಬೋಳುತಲೆಗೆ ಇಳಿದಿತ್ತು. ಭಾವ ಎರಡೂ ಕೈಯಲ್ಲಿ ತುರುಕಿದಷ್ಟೂ ಅದು ಬೆರಳ ಸಂದಿಯಿಂದ ಹೊರಗೆ. ಹಿಂದಿನ ಸೀಟಿನ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಕೊನೆಗೆ ಸಿಬ್ಬಂದಿ ಡಬ್ಬಿ ಸಮೇತ ಎಲ್ಲವನ್ನೂ ಕಸದ ಚೀಲಕ್ಕೆ ಹಾಕಿ, ಭಾವನ ಕೈ ತೊಳೆಸಿ ಕೂರಿಸಿದರು.

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಕಂಡವರೇ ಭಾವ ಗೋಳೋ ಎಂದರು. "ಪುಟ್ಟೀ, ಅಮ್ಮನ ಹಿಟ್ಟು ಸಮುದ್ರದ ಮೇಲೆ ಹೋಯ್ತು ಕಣೇ!"

ಕಥೆ ಕೇಳಿ ಇವಳ ಮುಖ ಸಣ್ಣಗಾಯಿತು. ಆದರೂ ಅಣ್ಣನ ಕೈ ಹಿಡಿದು, "ಇನ್ನೂ ಊರ ಟೈಮಲ್ಲೇ ಇದೀಯಲ್ಲಣ್ಣ" ಎಂದು ವಾಚು ಸರಿಮಾಡಲು ಹೋದವಳು ಗಕ್ಕನೆ ನಿಂತಳು. ವಾಚಿನ ಸರಪಳಿಯ ಸಂದಿ ಸಂದಿಯಲ್ಲೂ ಒಣಗಿದ ಹಿಟ್ಟು.

"ಬಿಚ್ಚಣ್ಣ ಅದನ್ನ!"

ಪಕ್ಕದ ಅಂಗಡಿಯಿಂದ ಒಂದು ಲೋಟ ಬೆಚ್ಚನೆಯ ನೀರು ತಂದು ವಾಚನ್ನೇ ಮುಳುಗಿಸಿದಳು.

"ಅಯ್ಯೋ, ಹಾಳಾಗುತ್ತೆ ಕಣೇ!"

"ಹಾಳಾಗ್ಲಿ ಬಿಡಣ್ಣ, ಅಮ್ಮನ ಹೆಪ್ಪು ಸಿಕ್ತಲ್ಲ!"

ಅಣ್ಣ ತಂಗಿ ಬಿದ್ದು ಬಿದ್ದು ನಕ್ಕರು. ಅವರನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಮನೆಯವರೆಗೂ ಇಬ್ಬರೂ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಕಾದರು. ಆ ನೀರಿಗೆ ಮೈದಾ ಬೆರೆಸಿ ಇಟ್ಟದ್ದು ಶುಕ್ರವಾರದ ಹೊತ್ತಿಗೆ ಹುಳಿ ಬಂದು ಗುಳುಗುಳು ಎಂದಿತು.

ಭಾನುವಾರ ಮೊದಲ ಬ್ರೆಡ್ ಮುರಿದು ಅಣ್ಣನ ಬಾಯಿಗಿಟ್ಟಳು. ಅವರು ಕಣ್ಣುಮುಚ್ಚಿ ಅಗಿದು, "ಅಮ್ಮಂದೇ" ಎಂದರು.

ವಾಚು ಮಾತ್ರ ನಿಂತೇ ಹೋಯಿತು. ಈಗಲೂ ಅದನ್ನೇ ಕಟ್ಟಿಕೊಳ್ಳುತ್ತಾರೆ. ವಿಡಿಯೋ ಕಾಲಿನಲ್ಲಿ ಟೈಮೆಷ್ಟು ಭಾವ ಎಂದರೆ ಗಂಭೀರವಾಗಿ ಅದನ್ನೊಮ್ಮೆ ನೋಡಿ, ಒಳಗೆ ಹೋಗಿ ಹಿಟ್ಟು ನೋಡಿಕೊಂಡು ಬಂದು ಹೇಳುತ್ತಾರೆ.