ಕೊನೆಯ ಸಾಲಿನಿಂದ ಅಳಿಸಿದ ಮಗಳು

ಜಯಕರ ಮಾಸ್ತರರ ನಿಧನ ವಾರ್ತೆಯಿಂದ ಅವರ ಮಗಳನ್ನು ತೆಗೆದುಹಾಕಿದವನು ನಾನು. ಯಾರ ಒತ್ತಾಯವೂ ಇರಲಿಲ್ಲ. ಒಂದು ಫೋನ್ ಬಂದಿತ್ತು, ಅಷ್ಟೇ.

ನಮ್ಮ ಊರಿನ ಪತ್ರಿಕೆಗಳಲ್ಲಿ ನಿಧನ ವಾರ್ತೆ ಮುಗಿಯುವುದು ಒಂದೇ ರೀತಿ — ಮೃತರು ಪತ್ನಿ, ಪುತ್ರ, ಪುತ್ರಿಯನ್ನು ಅಗಲಿದ್ದಾರೆ. ಹಲವರು ಮೊದಲು ಓದುವುದು ಆ ಸಾಲನ್ನೇ. ಅದರಲ್ಲಿ ಇಲ್ಲದವರು ಆ ಮನೆಯವರಲ್ಲ ಎಂದು ಊರು ತಿಳಿಯುತ್ತದೆ. ಇದು ನನಗೆ ಗೊತ್ತಿತ್ತು.

ಮಾಸ್ತರರ 'ತಿಂಡಿಪೋತಿ ಚಿನ್ನಿ' ಕಥೆಗಳು ನಮ್ಮ ಪತ್ರಿಕೆಯ ಭಾನುವಾರದ ಮಕ್ಕಳ ಪುಟದಲ್ಲಿ ವರ್ಷಗಟ್ಟಲೆ ಬಂದವು. ಪುಟ ನೋಡಿಕೊಳ್ಳುತ್ತಿದ್ದವನು ನಾನೇ. ಚಿನ್ನಿ ಬೆಲ್ಲ ಕದಿಯುತ್ತಾಳೆ, ಸಿಕ್ಕಿಬೀಳುತ್ತಾಳೆ, ಕೊನೆಗೆ ಕತ್ತಲೆ ಕೋಣೆ ಸೇರುತ್ತಾಳೆ. ಮಕ್ಕಳು ನಗುತ್ತಿದ್ದರು. ಶಾಲೆಗಳಲ್ಲಿ ದಪ್ಪಗಿನ ಹುಡುಗಿಯರಿಗೆ ಚಿನ್ನಿ ಎಂದು ಹೆಸರು ಬಿದ್ದಾಗ ಕೆಲವು ತಂದೆತಾಯಿಯರು ಆಕ್ಷೇಪಿಸಿದರು. ನಾವು ಕಥೆ ನಿಲ್ಲಿಸಲಿಲ್ಲ.

ಚಿನ್ನಿ ಎಂದರೆ ತಾನೇ ಎಂದು ಮಗಳು ಸುಗಂಧಿ ಒಂದು ಸಭೆಯಲ್ಲಿ ಹೇಳಿದ್ದು ಬಹಳ ತಡವಾಗಿ, ತಂದೆ ಹಾಸಿಗೆ ಹಿಡಿದ ಮೇಲೆ. ಮನೆಯಲ್ಲಿ ತನಗಾದದ್ದು ಭಾನುವಾರ ಪೇಪರಿನಲ್ಲಿ ಬರುತ್ತಿತ್ತು ಎಂದರು. ಚಿಕ್ಕಂದಿನಲ್ಲೇ ಮುಂಬಯಿಯ ಚಿಕ್ಕಮ್ಮನ ಮನೆ ಸೇರಿ, ಎಷ್ಟೋ ಕಾಲದ ನಂತರ ಮರಳಿ, ಬಿಕರ್ನಕಟ್ಟೆಯ ಒಂದು ಶಿಶುವಿಹಾರದಲ್ಲಿ ಟೀಚರ್ ಆಗಿದ್ದವರು. ಊರಿನ ಹೆಚ್ಚಿನವರು ಅವರನ್ನು ಮಾಸ್ತರರ ಮನೆಯಲ್ಲಿ ಕಂಡಿರಲಿಲ್ಲ.

ಮಾಸ್ತರರು ತೀರಿದ ಸಂಜೆ, ಹೋಟೆಲ್ ನಡೆಸುವ ಅವರ ಮಗ ಫೋನ್ ಮಾಡಿದರು. "ಪುತ್ರ ಅಂತ ಮಾತ್ರ ಹಾಕಿ ಮಾರಾಯ್ರೆ. ಅವಳದ್ದು ಎಂತದೂ ಬೇಡ."

ಸ್ವಲ್ಪ ಹೊತ್ತಿಗೆ ಸುಗಂಧಿಯವರದ್ದೂ ಬಂತು.

"ಅಪ್ಪನನ್ನು ಹೊಗಳಿಯೇ ಬರೆಯಿರಿ ಸರ್, ಅಡ್ಡಿಯಿಲ್ಲ. ಒಬ್ಬಳು ಮಗಳಿದ್ದಾಳೆ ಅಂತ ಹಾಕಿ. ಇಲ್ಲದಿದ್ದರೆ ನಾನು ಹೇಳಿದ್ದೆಲ್ಲ ಸುಳ್ಳು ಅಂತ ಆಗ್ತದೆ."

ನೋಡುತ್ತೇನೆ ಎಂದೆ. 'ಪುತ್ರಿ' ಎಂದು ಆಗಲೇ ಟೈಪ್ ಆಗಿತ್ತು — ಅಳಿಸಿದೆ.

ಸುಗಂಧಿ ಹೇಳಿದಂತೆಯೇ ಆಯಿತು. ಮಗಳೇ ಅಲ್ಲವಂತೆ ಎಂಬ ಮಾತಿಗೆ ನಮ್ಮ ಪತ್ರಿಕೆಯೇ ಸಾಕ್ಷಿ. ವಾಟ್ಸಾಪಿನಲ್ಲಿ ಆ ತುಣುಕು ಓಡಾಡಿತು. ಶಿಶುವಿಹಾರಕ್ಕೆ ಮಕ್ಕಳನ್ನು ಕಳುಹಿಸುವವರು ಪ್ರಶ್ನೆ ಕೇಳತೊಡಗಿದರು. ಸುಗಂಧಿ ಕೆಲಸ ಬಿಟ್ಟರು.

ಮನೆಯವರು ಹೇಳಿದ್ದನ್ನು ಹಾಕುವುದು ಪತ್ರಿಕೆಯ ಡೆಸ್ಕಿನ ರೂಢಿ ಎಂದು ನಾನು ಹೇಳಬಹುದಿತ್ತು. ಆದರೆ ನನಗೆ — ಇದನ್ನು ಯಾರಿಗೂ ಹೇಳಿರಲಿಲ್ಲ — ನಿಜ ಗೊತ್ತಿತ್ತು. ಬಹಳ ಹಿಂದೆ, ಕಥೆ ತಡವಾಯಿತೆಂದು ಕೊಟ್ಟಾರದ ಅವರ ಮನೆಗೆ ಹೋಗಿದ್ದೆ. ಒಳಕೋಣೆಯ ಬಾಗಿಲನ್ನು ಯಾರೋ ಬಡಿಯುತ್ತಿದ್ದರು. ಚಿಲಕ ಹೊರಗಿತ್ತು. ಮಾಸ್ತರರು ಹಾಳೆಗಳನ್ನು ನನ್ನ ಕೈಗಿಟ್ಟು, "ಚಿನ್ನಿ ಒಳಗುಂಟು. ಕೊನೆ ಈಗಷ್ಟೇ ಬರೆದು ಮುಗಿಸಿದೆ" ಎಂದರು.

ನಾನು ನಕ್ಕೆ. ನಕ್ಕು, ಪುಟಕ್ಕೆ ಹೊತ್ತಾಯಿತೆಂದು ಸ್ಕೂಟರ್ ಹತ್ತಿದೆ.

ಈಗ ಮಾಸ್ತರರ ಹೆಸರಿನಲ್ಲಿ ಮಕ್ಕಳ ಗ್ರಂಥಾಲಯವೊಂದು ಆಗುತ್ತಿದೆ. ಅವರ ಪರಿಚಯ ಬರೆಯಲು ಸಮಿತಿಯವರು ನನ್ನನ್ನೇ ಕೇಳಿದರು. ಬರೆಯುವ ಮೊದಲು ಶಕ್ತಿನಗರಕ್ಕೆ, ಸುಗಂಧಿಯವರ ಮನೆಗೆ ಹೋದೆ. ಆ ಬಾಗಿಲಿನ ವಿಷಯ ಹೇಳತೊಡಗಿದೆ. ಅವರು ಮುಗಿಸಲು ಬಿಡಲಿಲ್ಲ.

"ಗೊತ್ತುಂಟು ಸರ್. ಪೇಪರಿನವರು ಬಂದಿದ್ದಾರೆ ಅಂತಲೇ ನಾನು ಜೋರು ಬಡಿದದ್ದು. ನೀವು ನಗಾಡಿದ್ದು ಕೇಳಿತು. ಅಪ್ಪ ತೀರಿದ ದಿನ ನಿಮಗೇ ಫೋನ್ ಮಾಡಿದ್ದೂ ಅದಕ್ಕೇ — ನಿಮಗಾದರೆ ಗೊತ್ತುಂಟಲ್ಲ ಅಂತ."

ಆ ರಾತ್ರಿಯೇ ಬರೆಯಲು ಕೂತೆ.

ಪರಿಚಯ ಬರೆದುಕೊಟ್ಟೆ; ಅದು ಆ ಬಾಗಿಲಿನಿಂದ ಶುರುವಾಗುತ್ತದೆ. ಅಷ್ಟು ಭಾಗ ತೆಗೆಯಬೇಕೆಂದು ಸಮಿತಿಯವರು ಹೇಳಿದರು. ಈ ಸಲ ಒಪ್ಪಲಿಲ್ಲ. ಅವರು ಬೇರೆಯವರಿಂದ ಬರೆಸುತ್ತಿದ್ದಾರೆ. ಹಾಗಾಗಿ ಸುಗಂಧಿಯವರನ್ನು ಕೇಳಿಕೊಂಡೇ ಇಲ್ಲಿ ಬರೆಯುತ್ತಿದ್ದೇನೆ: ಜಯಕರ ಮಾಸ್ತರರಿಗೆ ಒಬ್ಬ ಮಗಳಿದ್ದಾರೆ. ಹೆಸರು ಸುಗಂಧಿ. ಅವರು ಹೇಳಿದ್ದು ನಿಜ.